ಗೋರಿಕಲ್ಲಿನ ಹೆಸರಿಗಿಂತ ಮೊದಲು ದಳವನ್ನು ಹುಡುಕಿ

ಪ್ರಶ್ನೆ: ನಾನು ಲ್ಯಾಂಗ್‌ಫರ್ಡ್ ಟೌನಿನಲ್ಲಿ ವಾಸವಾಗಿರುವ ನಿವೃತ್ತ ಶಿಕ್ಷಕಿ. ಹೊಸೂರು ರಸ್ತೆಯ ಪ್ರಾಟೆಸ್ಟಂಟ್ ಸ್ಮಶಾನದಲ್ಲಿರುವ ಬ್ರಿಟಿಷ್ ಕಾಲದ ಸೈನಿಕರ ಗೋರಿಗಳಲ್ಲಿ ಸುಮಾರು ನಲವತ್ತರ ಚಿತ್ರ ತೆಗೆದಿಟ್ಟುಕೊಂಡಿದ್ದೇನೆ. ಕೆಲವು ಬರಹಗಳು ಅಳಿಸಿಹೋಗುತ್ತಿವೆ. ಇವರು ಯಾರು, ಎಲ್ಲಿಂದ ಬಂದವರು, ಹೇಗೆ ಸತ್ತರು ಎಂಬುದನ್ನು ಇಲ್ಲಿಂದಲೇ ಪತ್ತೆ ಮಾಡಬಹುದೇ? ಕಲ್ಲುಗಳನ್ನು ತೊಳೆಯಬಹುದೇ? ನಮ್ಮ ತಾತನ ಅಣ್ಣ ಕೂಡ ಮದ್ರಾಸ್ ಸ್ಯಾಪರ್ಸ್ ಎಂಬ ಸೇನಾ ಎಂಜಿನಿಯರುಗಳ ದಳ ಸೇರಿ, ಮೊದಲನೆಯ ಮಹಾಯುದ್ಧದಲ್ಲಿ ಮೆಸಪೊಟೇಮಿಯಾಕ್ಕೆ (ಇಂದಿನ ಇರಾಕಿಗೆ) ಹೋದವರು ಮರಳಿ ಬರಲಿಲ್ಲ. ಅವರಿಗೂ ಎಲ್ಲಾದರೂ ಒಂದು ಕಲ್ಲು ಇದ್ದೀತೇ?

ಉತ್ತರ: ಪತ್ತೆ ಮಾಡಬಹುದು, ಅದರಲ್ಲಿ ಬಹುಪಾಲನ್ನು ಬೆಂಗಳೂರಿನಲ್ಲಿ ಕುಳಿತೇ ಮಾಡಬಹುದು. ಆದರೆ ಈ ಕೆಲಸಕ್ಕೆ ಹೊಸದಾಗಿ ಕೈಹಾಕುವವರು ಸಾಮಾನ್ಯವಾಗಿ ಎಡವುವ ಜಾಗವೊಂದಿದೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಕಲ್ಲಿನ ಮೇಲೆ ದೊಡ್ಡದಾಗಿ ಕಾಣುವುದು ಹೆಸರು, ಆದ್ದರಿಂದ ಎಲ್ಲರೂ ಹೆಸರನ್ನೇ ಹಿಡಿದು ಹೊರಡುತ್ತಾರೆ. ಜಾನ್ ಸ್ಮಿತ್, ವಿಲಿಯಂ ಬ್ರೌನ್, ಪ್ಯಾಟ್ರಿಕ್ ಮರ್ಫಿ ಎಂಬವರು ಆ ಸೈನ್ಯದಲ್ಲಿ ನಮ್ಮ ಕಡೆಯ ಮುನಿಯಪ್ಪ, ವೆಂಕಟೇಶಪ್ಪರಷ್ಟೇ ಹೇರಳವಾಗಿದ್ದರು. ಹಲವರು ಊರಿನ ಸಾಲಗಾರರಿಂದಲೋ ಹೆಂಡತಿಯಿಂದಲೋ ತಪ್ಪಿಸಿಕೊಳ್ಳಲು ಸುಳ್ಳು ಹೆಸರು ಕೊಟ್ಟು ಸೈನ್ಯ ಸೇರಿದವರು. ವಯಸ್ಸನ್ನು ಹೆಚ್ಚಿಸಿ ಹೇಳಿದ ಹುಡುಗರೂ ಇದ್ದರು. ಸೇನೆಯ ಹಳೆಯ ಕಾಗದಪತ್ರಗಳನ್ನು ಕಟ್ಟಿಟ್ಟಿರುವುದು ಬಹುಮಟ್ಟಿಗೆ ರೆಜಿಮೆಂಟು, ಎಂದರೆ ದಳ, ಮತ್ತು ವರ್ಷದ ಕ್ರಮದಲ್ಲಿ. ದಳದ ಸಂಖ್ಯೆ ಮತ್ತು ಸತ್ತ ತಾರೀಖು ಇವೆರಡು ಕೈಯಲ್ಲಿದ್ದರೆ ಹೆಸರಿನ ಅರ್ಧ ಅಳಿಸಿಹೋಗಿದ್ದರೂ ಆ ವ್ಯಕ್ತಿ ಸಿಗುತ್ತಾನೆ. ಹೆಸರು ಪೂರ್ತಿಯಾಗಿದ್ದು ದಳ ತಿಳಿಯದಿದ್ದರೆ ಸಿಕ್ಕವನು ಅವನೇ ಎಂದು ಹೇಳುವ ಧೈರ್ಯ ನನಗಂತೂ ಬರುವುದಿಲ್ಲ. ಆದ್ದರಿಂದ ನಿಮ್ಮ ನಲವತ್ತು ಚಿತ್ರಗಳಲ್ಲಿ ಮೊದಲು ದಳದ ಗುರುತು ಇರುವವನ್ನು ಬೇರೆ ಮಾಡಿಕೊಳ್ಳಿ.

ಅದಕ್ಕೆ ಮುಂಚೆ ಸ್ಮಶಾನದ ವಿಚಾರ. ನಮ್ಮ ಹಿರಿಯರು ದಂಡು ಎಂದು ಕರೆಯುತ್ತಿದ್ದ ಕಂಟೋನ್ಮೆಂಟ್ ನೆಲೆಗೊಂಡದ್ದು 1809ರ ಸುಮಾರಿಗೆ, ಶ್ರೀರಂಗಪಟ್ಟಣದ ಜ್ವರಕ್ಕೆ ಸೈನಿಕರು ತತ್ತರಿಸಿದ್ದರಿಂದ ಪಡೆಯನ್ನು ಅಲ್ಲಿಂದ ಎಬ್ಬಿಸಿ ಇಲ್ಲಿಗೆ ತಂದಾಗ. ಅದಕ್ಕೂ ಹಿಂದೆ, 1791ರ ಮಾರ್ಚ್‌ನಲ್ಲಿ ಕಾರ್ನ್‌ವಾಲಿಸನ ಸೈನ್ಯ ಪೇಟೆಯನ್ನೂ ಕೋಟೆಯನ್ನೂ ಹಿಡಿದಾಗ ಸತ್ತ ಇಂಗ್ಲಿಷ್ ಅಧಿಕಾರಿಗಳನ್ನು ಕೋಟೆಯ ಬಳಿ ಹೂಳಿದ್ದರು. ಆ ಸ್ಮಶಾನ ಇಂದು ಕಣ್ಣಿಗೆ ಬೀಳುವುದಿಲ್ಲ, ಅವರ ನೆನಪಿಗೆ ಹಡ್ಸನ್ ವೃತ್ತದಲ್ಲಿ ನಿಂತಿದ್ದ ಸ್ತಂಭವನ್ನು 1964ರಲ್ಲಿ ಕೆಡವಲಾಯಿತು. ಅದೇ ಕದನದಲ್ಲಿ ಕೋಟೆಯನ್ನು ಕಾಯುತ್ತಾ ಮಡಿದ ಕಿಲ್ಲೇದಾರ ಬಹದ್ದೂರ್ ಖಾನನ ಹೆಸರು ಉಳಿದಿದೆ, ಅವನೊಡನೆ ಸತ್ತ ಮೈಸೂರಿನ ಸಿಪಾಯಿಗಳ ಪಟ್ಟಿಯನ್ನು ಯಾರೂ ಕಲ್ಲಿನಲ್ಲಿ ಕೆತ್ತಿಸಲಿಲ್ಲ. ದಂಡು ಬೆಳೆದ ಮೇಲೆ ಅಗರಂ, ಹೊಸೂರು ರಸ್ತೆ, ಹಳೆಯ ಮದ್ರಾಸು ರಸ್ತೆಯ ಕಡೆಯ ಕಲ್ಪಳ್ಳಿ ಹೀಗೆ ಸ್ಮಶಾನಗಳು ಒಂದೊಂದಾಗಿ ಬಂದವು. ಇವುಗಳಲ್ಲಿ ಅಗರಂ ಹಳೆಯದು. ಹೊಸೂರು ರಸ್ತೆಯದು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಿಂದ ತುಂಬುತ್ತಾ ಬಂದದ್ದು. ಇದು ಬರೀ ಇತಿಹಾಸದ ಮಾತಲ್ಲ, ನಿಮ್ಮ ಕೆಲಸಕ್ಕೂ ಬೇಕಾದದ್ದು: ನಿಮ್ಮ ಚಿತ್ರದಲ್ಲಿ 1820 ಎಂದು ಕಾಣುವ ವರ್ಷವಿದ್ದರೆ ಅದನ್ನು ಇನ್ನೊಮ್ಮೆ ನೋಡಿ, ಅದು 1870 ಅಥವಾ 1890 ಆಗಿರುವ ಸಂಭವವೇ ಹೆಚ್ಚು. ಪ್ರಾಟೆಸ್ಟಂಟರ ಸ್ಮಶಾನದಲ್ಲಿ ಮರ್ಫಿ, ಡಾಯ್ಲ್, ಸಲಿವನ್ ಮುಂತಾದ ಐರಿಷ್ ಹೆಸರುಗಳು ನಿರೀಕ್ಷೆಗಿಂತ ಕಡಿಮೆ ಇದ್ದರೂ ಅಚ್ಚರಿಪಡಬೇಡಿ. ಸೈನ್ಯದಲ್ಲಿ ಐರಿಷರು ಬಹಳ ಮಂದಿ ಇದ್ದರು, ಅವರಲ್ಲಿ ಹೆಚ್ಚಿನವರು ಕ್ಯಾಥೊಲಿಕರು. ಅವರ ಲೆಕ್ಕ ಸೇಂಟ್ ಪ್ಯಾಟ್ರಿಕ್ಸ್‌ನಂಥ ಕ್ಯಾಥೊಲಿಕ್ ಚರ್ಚುಗಳ ಪುಸ್ತಕಗಳಲ್ಲಿದೆ.

ಈಗ ಕಲ್ಲನ್ನು ಓದುವ ಬಗೆ. ತೊಳೆಯಬಹುದೇ ಎಂದು ಕೇಳಿದ್ದೀರಿ. ಮೃದುವಾದ ಬ್ರಷ್ಷಿನಿಂದ ಒಣ ಮಣ್ಣನ್ನೂ ಎಲೆಯನ್ನೂ ಸರಿಸಬಹುದು, ಗಟ್ಟಿಯಾಗಿರುವ ಗ್ರಾನೈಟ್ ಕಲ್ಲಿನ ಮೇಲೆ ಬರಿಯ ನೀರನ್ನು ಚಿಮುಕಿಸಬಹುದು, ಅಷ್ಟೇ. ತಂತಿಯ ಬ್ರಷ್ಷು, ಆ್ಯಸಿಡ್, ಬ್ಲೀಚಿಂಗ್ ಪುಡಿ, ಸೋಪಿನ ನೊರೆ ಇವು ಯಾವುವೂ ಬೇಡ. ಅಕ್ಷರ ಎದ್ದು ಕಾಣಲೆಂದು ಸುಣ್ಣವನ್ನೋ ಬಣ್ಣವನ್ನೋ ತುಂಬುವ ಅಭ್ಯಾಸ ನಮ್ಮಲ್ಲಿ ಶಾಸನಗಳ ಕಾಲದಿಂದಲೂ ಇದೆ. ಹಾಗೆ ತುಂಬುವವರು ತಾವು ಓದಿದಂತೆ ತುಂಬುತ್ತಾರೆ, ಮುಂದೆ ಬರುವವರು ಕಲ್ಲನ್ನಲ್ಲ, ಅವರ ಊಹೆಯನ್ನು ಓದಬೇಕಾಗುತ್ತದೆ. ಅಮೃತಶಿಲೆಯಲ್ಲಿ ಸೀಸದ ಅಕ್ಷರಗಳನ್ನು ಕೂರಿಸಿರುವ ಕಲ್ಲುಗಳಲ್ಲಿ ಸೀಸ ಉದುರಿದ ಮೇಲೂ ಅದನ್ನು ಹಿಡಿದಿಡಲು ಕೊರೆದ ಸಣ್ಣ ತೂತುಗಳು ಉಳಿದಿರುತ್ತವೆ; ಆ ತೂತುಗಳ ವಿನ್ಯಾಸದಿಂದಲೇ ಅಕ್ಷರವನ್ನು ಗುರುತಿಸಬಹುದು, ಆದ್ದರಿಂದ ಅವುಗಳೊಳಗಿನ ಮಣ್ಣನ್ನು ಕಡ್ಡಿಯಿಂದ ಕೆದಕಲು ಹೋಗಬೇಡಿ. ಪದರ ಪದರವಾಗಿ ಏಳುತ್ತಿರುವ ಕಲ್ಲನ್ನು ಮುಟ್ಟಲೇಬಾರದು. ಅಂಥ ಕಲ್ಲಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯುವುದೂ ಅಪಾಯವೇ.

ತೊಳೆಯುವುದಕ್ಕಿಂತ ಬೆಳಕು ಹೆಚ್ಚು ಕೆಲಸ ಮಾಡುತ್ತದೆ. ಸವೆದ ಅಕ್ಷರ ಕಾಣಬೇಕಾದರೆ ಬಿಸಿಲು ಕಲ್ಲಿನ ಮುಖಕ್ಕೆ ನೇರವಾಗಿ ಬೀಳದೆ ಅದನ್ನು ಸವರಿಕೊಂಡು ಹೋಗಬೇಕು. ನೆಲದ ಮೇಲೆ ಮಲಗಿಸಿದ ಚಪ್ಪಡಿಗೆ ಅಂಥ ಬೆಳಕು ಸೂರ್ಯ ಹುಟ್ಟಿದ ಮೇಲಿನ ಒಂದು ಗಂಟೆಯಲ್ಲಿ ಅಥವಾ ಮುಳುಗುವ ಮುನ್ನ ಸಿಗುತ್ತದೆ. ಆದರೆ ನಿಲ್ಲಿಸಿದ ಕಲ್ಲಿನ ಲೆಕ್ಕ ಬೇರೆ. ಕ್ರೈಸ್ತರು ಸಾಮಾನ್ಯವಾಗಿ ತಲೆಯನ್ನು ಪಶ್ಚಿಮಕ್ಕಿಟ್ಟು ಹೂಳುವುದರಿಂದ ತಲೆಯ ಕಡೆಯ ಕಲ್ಲಿನ ಬರಹ ಹೆಚ್ಚಾಗಿ ಪೂರ್ವಕ್ಕೆ ಮುಖ ಮಾಡಿರುತ್ತದೆ. ಬೆಳಗಿನ ಬಿಸಿಲು ಅದಕ್ಕೆ ಎದುರಿನಿಂದಲೇ ಬಡಿದು ಎಲ್ಲವನ್ನೂ ಚಪ್ಪಟೆಯಾಗಿಸುತ್ತದೆ. ಮಧ್ಯಾಹ್ನಕ್ಕೆ ಸ್ವಲ್ಪ ಮುಂಚೆ, ಸೂರ್ಯ ಕಲ್ಲಿನ ನೆತ್ತಿಯನ್ನು ದಾಟುವ ಆ ಇಪ್ಪತ್ತು ಮೂವತ್ತು ನಿಮಿಷಗಳಲ್ಲಿ ಅಕ್ಷರಗಳು ಎದ್ದು ನಿಲ್ಲುತ್ತವೆ. ನಾನು ಇದನ್ನು ತಿಳಿಯದೆ ಎಷ್ಟೋ ಭಾನುವಾರಗಳ ಬೆಳಗಿನ ನಿದ್ದೆಯನ್ನು ಸುಮ್ಮನೆ ಕಳೆದುಕೊಂಡಿದ್ದೇನೆ. ಮರದ ನೆರಳಿನಲ್ಲಿರುವ ಕಲ್ಲಿಗೆ ಮನೆಯ ಕನ್ನಡಿಯೊಂದನ್ನು ಒಯ್ದು, ಜೊತೆಗಿರುವವರು ದೂರದಿಂದ ಬಿಸಿಲನ್ನು ಓರೆಯಾಗಿ ಹಾಯಿಸಿದರೆ ಸಾಕು. ಮಳೆಗಾಲದ ಹುಲ್ಲು ಒಣಗಿರುವ ಡಿಸೆಂಬರ್‌ನಿಂದ ಫೆಬ್ರುವರಿಯವರೆಗಿನ ತಿಂಗಳುಗಳು ಈ ಕೆಲಸಕ್ಕೆ ಹೇಳಿ ಮಾಡಿಸಿದವು. ಹಾವಿನ ಭಯವೂ ಆಗ ಕಡಿಮೆ. ಬರಹದ ಚಿತ್ರದೊಂದಿಗೆ ಕಲ್ಲಿನ ಹಿಂಬದಿ, ಬುಡ ಮತ್ತು ಅಕ್ಕಪಕ್ಕದ ಗೋರಿಗಳು ಕಾಣುವಂಥ ಚಿತ್ರವನ್ನೂ ತೆಗೆಯಿರಿ. ಒಂದೇ ದಳದವರು ಒಂದೇ ತಿಂಗಳಲ್ಲಿ ಸಾಲಾಗಿ ಮಲಗಿದ್ದರೆ ಅದು ಕಾಲರಾ ಇರಬಹುದೆಂಬ ಸುಳಿವು ಆ ಸಾಲಿನಲ್ಲೇ ಇರುತ್ತದೆ, ಒಂಟಿ ಕಲ್ಲಿನ ಚಿತ್ರದಲ್ಲಿ ಅದು ಸಿಗುವುದಿಲ್ಲ.

ಕಲ್ಲಿನ ಮೇಲಿನ ಸಂಕ್ಷಿಪ್ತಾಕ್ಷರಗಳಲ್ಲೇ ದಳದ ಗುರುತು ಅಡಗಿರುತ್ತದೆ. ಎಚ್.ಎಂ. ಎಂದು ಆರಂಭವಾದರೆ ಅದು ರಾಜನ ಅಥವಾ ರಾಣಿಯ ದಳ, ಎಚ್.ಇ.ಐ.ಸಿ.ಎಸ್. ಎಂದಿದ್ದರೆ ಈಸ್ಟ್ ಇಂಡಿಯಾ ಕಂಪನಿಯ ಸೇವೆ, ಎಂ.ಎನ್.ಐ. ಎಂದರೆ ಮದ್ರಾಸ್ ನೇಟಿವ್ ಇನ್‌ಫೆಂಟ್ರಿ. ಈ ಕೊನೆಯದನ್ನು ಕಂಡು ಕೆಳಗೆ ಮಲಗಿರುವವನು ಭಾರತೀಯ ಸಿಪಾಯಿ ಎಂದು ತಿಳಿಯಬೇಡಿ, ಅಂಥ ಕಲ್ಲುಗಳು ಹೆಚ್ಚಾಗಿ ಆ ದಳದ ಬ್ರಿಟಿಷ್ ಅಧಿಕಾರಿಗಳವು ಅಥವಾ ಅವರ ಮನೆಯವರವು. ರಾಜನ ದಳವೋ ಕಂಪನಿಯ ದಳವೋ ಎಂಬುದು ಬಹಳ ಮುಖ್ಯ, ಏಕೆಂದರೆ ಮೊದಲನೆಯದರ ಕಾಗದಗಳು ಲಂಡನ್ನಿನ ಕ್ಯೂ ಬಡಾವಣೆಯಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿವೆ, ಎರಡನೆಯದರವು ಅದೇ ಊರಿನ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ವಿಭಾಗದಲ್ಲಿವೆ. ಇಲ್ಲಿ ತಪ್ಪಿದರೆ ತಿಂಗಳುಗಟ್ಟಲೆ ತಪ್ಪು ಮನೆಯ ಬಾಗಿಲು ಬಡಿದಂತೆ.

ದಳಗಳ ಹೆಸರು ಬದಲಾಗುತ್ತಾ ಹೋದದ್ದು ಇನ್ನೊಂದು ತೊಡಕು. 1881ರಲ್ಲಿ ಬ್ರಿಟಿಷ್ ಪದಾತಿ ದಳಗಳ ಹಳೆಯ ಸಂಖ್ಯೆಗಳನ್ನು ಕೈಬಿಟ್ಟು ಆ ದೇಶದ ಜಿಲ್ಲೆಗಳ ಹೆಸರನ್ನು ಕೊಡಲಾಯಿತು. ಕಂಪನಿಯ ಮದ್ರಾಸ್ ಫ್ಯುಸಿಲಿಯರ್ಸ್ ಎಂಬ ಯುರೋಪಿಯನ್ ದಳ 1862ರಲ್ಲಿ ರಾಣಿಯ ಸೇನೆಗೆ ಸೇರಿ 102ನೆಯ ದಳವಾಯಿತು, 1881ರಲ್ಲಿ ರಾಯಲ್ ಡಬ್ಲಿನ್ ಫ್ಯುಸಿಲಿಯರ್ಸ್‌ನ ಮೊದಲನೆಯ ಬೆಟಾಲಿಯನ್ ಆಯಿತು. ಒಂದೇ ದಳ ಮೂರು ಕಲ್ಲುಗಳ ಮೇಲೆ ಮೂರು ಹೆಸರಿನಲ್ಲಿ ಬರಬಹುದು. ಸಂಖ್ಯೆಯನ್ನು ಓದುವಾಗ ನಾನೇ ಒಮ್ಮೆ ಪೆಟ್ಟು ತಿಂದಿದ್ದೇನೆ. ಹಳೆಯ ಸ್ಮಶಾನವೊಂದರಲ್ಲಿ 1836ರ ಕಲ್ಲಿನ ಮೇಲಿನ 39ನ್ನು 89 ಎಂದು ಓದಿ, ಆ ದಳದ ಕಾಗದಗಳಲ್ಲಿ ಆ ಮನುಷ್ಯನನ್ನು ಹುಡುಕುತ್ತಾ ನಾಲ್ಕು ತಿಂಗಳು ಕಳೆದೆ. ಕೊನೆಗೆ ದಳಗಳು ಯಾವ ವರ್ಷ ಎಲ್ಲಿದ್ದವೆಂಬ ಪಟ್ಟಿಯನ್ನು ತೆರೆದಾಗ 89ನೆಯ ದಳ ಆ ವರ್ಷ ಭಾರತದಲ್ಲೇ ಇರಲಿಲ್ಲವೆಂದು ತಿಳಿಯಿತು. 39ನೆಯದು 1834ರ ಕೊಡಗಿನ ದಂಡಯಾತ್ರೆಯಲ್ಲಿ ಭಾಗವಹಿಸಿ ದಕ್ಷಿಣದಲ್ಲೇ ಇತ್ತು. ಅಂದಿನಿಂದ ಆ ಪಟ್ಟಿಯನ್ನು ಮೊದಲು ನೋಡುವುದನ್ನು ರೂಢಿ ಮಾಡಿಕೊಂಡಿದ್ದೇನೆ. ಚರ್ಚಿಲ್ ಇದ್ದ 4ನೆಯ ಹುಸ್ಸಾರ್ಸ್ ಅಶ್ವದಳ ಬೆಂಗಳೂರಿಗೆ ಬಂದದ್ದು 1896ರಲ್ಲಿ ಎಂಬುದು ಗೊತ್ತಿದ್ದರೆ, 1885ರ ಕಲ್ಲಿನ ಮೇಲೆ ಅದೇ ದಳ ಕಂಡಂತಾದಾಗ ಕನ್ನಡಕ ಒರೆಸಿಕೊಂಡು ಮತ್ತೆ ನೋಡುವ ಬುದ್ಧಿ ಬರುತ್ತದೆ. ಇನ್ನು ವಯಸ್ಸು: 32 ವರ್ಷ ವಯಸ್ಸಿನವನು ಎಂಬುದಕ್ಕೂ ತನ್ನ 32ನೆಯ ವರ್ಷದಲ್ಲಿ ತೀರಿಕೊಂಡವನು ಎಂಬುದಕ್ಕೂ ಒಂದು ವರ್ಷದ ಅಂತರವಿದೆ, ಎರಡನೆಯವನಿಗೆ ತುಂಬಿದ್ದು 31 ಮಾತ್ರ.

ಕಲ್ಲಿನಿಂದ ಇಷ್ಟು ಸಿಕ್ಕ ಮೇಲೆ ಮುಂದಿನ ಮೆಟ್ಟಿಲು ಚರ್ಚಿನ ಮರಣ ರಿಜಿಸ್ಟರು. ಬೆಂಗಳೂರು ಮೈಸೂರು ಸಂಸ್ಥಾನದ ನಡುವೆ ಇದ್ದರೂ ದಂಡಿನ ಆಡಳಿತ ಬೇರೆಯಾಗಿತ್ತು. 1881ರಿಂದ ಅದು ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಎಂಬ ಹೆಸರಿನಲ್ಲಿ ಬ್ರಿಟಿಷ್ ರೆಸಿಡೆಂಟರ ಅಧೀನದಲ್ಲಿದ್ದು, 1947ರ ಜುಲೈಯಲ್ಲಿ ಮೈಸೂರಿಗೆ ಮರಳಿತು. ಚರ್ಚಿನ ಲೆಕ್ಕದಲ್ಲಂತೂ ದಂಡು ಮದ್ರಾಸಿಗೆ ಸೇರಿತ್ತು. ಇಲ್ಲಿನ ಪಾದ್ರಿಗಳು ತಾವು ನಡೆಸಿದ ಹೂಳುವಿಕೆಗಳ ನಕಲನ್ನು ಕಾಲಕಾಲಕ್ಕೆ ಮದ್ರಾಸಿಗೆ ಕಳುಹಿಸುತ್ತಿದ್ದರು, ಅಲ್ಲಿಂದ ಅವು ಲಂಡನ್ನಿಗೆ ಹೋಗುತ್ತಿದ್ದವು. ಆದ್ದರಿಂದ ಬೆಂಗಳೂರಿನಲ್ಲಿ ಸತ್ತವರ ದಾಖಲೆಗಳನ್ನು ಬ್ರಿಟಿಷ್ ಲೈಬ್ರರಿಯಲ್ಲಿ ಎನ್/2 ಎಂಬ ಮದ್ರಾಸಿನ ಸಾಲಿನಲ್ಲಿ ಹುಡುಕಬೇಕು. ಎನ್/1 ಬಂಗಾಳದ್ದು, ಎನ್/3 ಮುಂಬಯಿಯದು. ಫೈಂಡ್‌ಮೈಪಾಸ್ಟ್ ಎಂಬ ಜಾಲತಾಣದಲ್ಲಿ ಹಣ ಕೊಟ್ಟು ಈ ಪುಟಗಳನ್ನು ಮನೆಯಿಂದಲೇ ನೋಡಬಹುದು. ಹಣ ಕೊಡುವ ಮೊದಲು ಫಿಬಿಸ್ ಎಂದು ಕರೆಯಲಾಗುವ ಫ್ಯಾಮಿಲೀಸ್ ಇನ್ ಬ್ರಿಟಿಷ್ ಇಂಡಿಯಾ ಸೊಸೈಟಿಯ ಉಚಿತ ಸೂಚಿಯಲ್ಲೂ ಫ್ಯಾಮಿಲಿಸರ್ಚ್ ಎಂಬ ಜಾಲತಾಣದಲ್ಲೂ ಹುಡುಕಿ ನೋಡಿ. ಮೂಲ ರಿಜಿಸ್ಟರುಗಳು ಇಲ್ಲಿನ ಚರ್ಚುಗಳಲ್ಲೇ ಉಳಿದಿರಬಹುದು. ಆದರೆ ಅವು ನೂರೈವತ್ತು ವರ್ಷಗಳ ಕಾಗದಗಳು, ಪುಟ ತಿರುವಿದರೆ ಪುಡಿಯಾಗುವ ಸ್ಥಿತಿಯಲ್ಲಿರಬಹುದು. ನಕಲು ಸಿಗುವಾಗ ಮೂಲವನ್ನು ತೆರೆಸುವುದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ನಕಲಿನಲ್ಲಿ ಅನುಮಾನ ಬಂದಾಗ ಮಾತ್ರ ಪಾದ್ರಿಗಳಿಗೆ ಪತ್ರ ಬರೆದು, ತಾರೀಖನ್ನು ನಿಖರವಾಗಿ ತಿಳಿಸಿ, ಆ ಒಂದು ಪುಟವನ್ನಷ್ಟೇ ತೋರಿಸುವಂತೆ ಕೇಳಿಕೊಳ್ಳಿ.

ರಿಜಿಸ್ಟರಿನಲ್ಲಿ ಸತ್ತ ದಿನ, ಹೂಳಿದ ದಿನ, ವಯಸ್ಸು, ಹುದ್ದೆ ಮತ್ತು ದಳ ಸಿಗುತ್ತವೆ, ನಂತರದ ದಶಕಗಳಲ್ಲಿ ಸಾವಿನ ಕಾರಣವೂ ಸಿಗುತ್ತದೆ. ಯುದ್ಧದಲ್ಲಿ ಸತ್ತವರನ್ನು ನಿರೀಕ್ಷಿಸಿ ಹೋದವರಿಗೆ ಈ ಕಾರಣಗಳ ಕಾಲಮ್ಮು ನಿರಾಸೆ ತರುತ್ತದೆ: ವಿಷಮಶೀತ ಜ್ವರ, ಕಾಲರಾ, ಆಮಶಂಕೆ, ಯಕೃತ್ತಿನ ಬಾವು, ಬಿಸಿಲ ಹೊಡೆತ, ಕುದುರೆಯಿಂದ ಬಿದ್ದದ್ದು, ಕುಡಿತ. ಮಲೇರಿಯಾ ಸೊಳ್ಳೆಯ ಮೂಲಕ ಹರಡುವುದೆಂದು ತೋರಿಸಿಕೊಟ್ಟ ರೊನಾಲ್ಡ್ ರಾಸ್ ಅವರನ್ನು 1895ರಲ್ಲಿ ಬೆಂಗಳೂರಿಗೆ ಕಳುಹಿಸಿದ್ದೇ ಇಲ್ಲಿನ ಕಾಲರಾ ಮತ್ತು ನೈರ್ಮಲ್ಯದ ಕೆಲಸಕ್ಕಾಗಿ; ಮೂರು ವರ್ಷಗಳ ನಂತರ, 1898ರಲ್ಲಿ, ಪ್ಲೇಗು ಬಂತು. ಆ ವರ್ಷಗಳ ಪುಟಗಳನ್ನು ತಿರುವುವಾಗ ಸೈನಿಕರ ಹೆಂಡತಿ ಮಕ್ಕಳ ಹೆಸರುಗಳನ್ನು ಬಿಟ್ಟು ಮುಂದೆ ಹೋಗಬೇಡಿ. ಒಬ್ಬ ಸಾರ್ಜೆಂಟನ ಮಗುವಿನ ನಮೂದಿನಲ್ಲಿ ತಂದೆಯ ದಳ ಬರೆದಿರುತ್ತದೆ, ತಂದೆಯ ಕಲ್ಲಿನಲ್ಲಿ ಅಳಿಸಿಹೋದದ್ದು ಅಲ್ಲಿ ಸಿಕ್ಕಿದ ಉದಾಹರಣೆಗಳು ನನ್ನ ಟಿಪ್ಪಣಿಗಳಲ್ಲಿ ಹಲವಿವೆ.

ಎಲ್ಲಿಂದ ಬಂದವರು ಎಂಬ ನಿಮ್ಮ ಪ್ರಶ್ನೆಗೆ ಮಾತ್ರ ಚರ್ಚಿನ ಪುಸ್ತಕ ಉತ್ತರ ಕೊಡುವುದಿಲ್ಲ, ಅದಕ್ಕೆ ಸೇನೆಯ ಕಾಗದಗಳೇ ಬೇಕು. ಇಲ್ಲಿ ಬಹಳ ಜನರಿಗೆ ತಿಳಿಯದ ಒಂದು ಸಂಗತಿಯಿದೆ. ಬ್ರಿಟಿಷ್ ಸೈನಿಕರ ದಾಖಲೆಗಳೆಂದು ಹೆಚ್ಚು ಹೆಸರಾಗಿರುವ, ನ್ಯಾಷನಲ್ ಆರ್ಕೈವ್ಸ್‌ನ ಡಬ್ಲ್ಯುಒ 97 ಎಂಬ ಸಾಲಿನ ಕಾಗದಗಳು ಸೇವೆಯಿಂದ ಬಿಡುಗಡೆಯಾಗಿ ಪಿಂಚಣಿ ಪಡೆದವರವು. ಸೇವೆಯಲ್ಲಿದ್ದಾಗಲೇ ಬೆಂಗಳೂರಿನಲ್ಲಿ ಸತ್ತವನಿಗೆ ಪಿಂಚಣಿ ಎಲ್ಲಿಂದ ಬರಬೇಕು? ಆದ್ದರಿಂದ ಅಲ್ಲಿ ಅವನ ಹೆಸರಿನವನೊಬ್ಬ ಸಿಕ್ಕರೆ ಅವನು ಬಹುತೇಕ ಬೇರೆಯವನು. ನೀವು ನೋಡಬೇಕಾದದ್ದು ಡಬ್ಲ್ಯುಒ 12 ಎಂಬ ಹಾಜರಿ ಮತ್ತು ಸಂಬಳದ ಪಟ್ಟಿಗಳನ್ನು. 1877ರ ನಂತರದವು ಡಬ್ಲ್ಯುಒ 16ರಲ್ಲಿವೆ. ಸಂಬಳ ಕೊಡುವ ಲೆಕ್ಕವಾದ್ದರಿಂದ ಇವುಗಳಲ್ಲಿ ಸುಳ್ಳು ಕಡಿಮೆ. ಮೂರು ತಿಂಗಳಿಗೊಮ್ಮೆ ಕಟ್ಟಿದ ಆ ಪಟ್ಟಿಗಳ ಕೊನೆಯಲ್ಲಿ ಆ ಅವಧಿಯಲ್ಲಿ ಸತ್ತವರನ್ನೂ ಓಡಿಹೋದವರನ್ನೂ ಬಿಡುಗಡೆಯಾದವರನ್ನೂ ಬೇರೆಯಾಗಿ ಬರೆದಿರುತ್ತಾರೆ, ಹಲವು ಕಡೆ ಹುಟ್ಟಿದ ಊರು, ಸೈನ್ಯ ಸೇರುವ ಮುಂಚಿನ ಕಸುಬು, ಸೇರಿದ ತಾರೀಖು ಸಹಿತ. ಸತ್ತವನ ಬೂಟು, ಕಂಬಳಿ, ಪೆಟ್ಟಿಗೆಯನ್ನು ಜೊತೆಯವರ ನಡುವೆ ಹರಾಜು ಹಾಕಿ ಬಂದ ಹಣವನ್ನು ಮನೆಯವರಿಗೆ ಕಳುಹಿಸುವ ಪದ್ಧತಿಯಿತ್ತು. ಆ ಲೆಕ್ಕ ಉಳಿದಿದ್ದರೆ ತಾಯಿಯದೋ ಅಕ್ಕನದೋ ಹೆಸರು ಅದರಲ್ಲಿ ದೊರೆಯುತ್ತದೆ. ಕಂಪನಿಯ ಮದ್ರಾಸ್ ಸೇನೆಯ ಯುರೋಪಿಯನ್ನರಾದರೆ ಬ್ರಿಟಿಷ್ ಲೈಬ್ರರಿಯ ಎಲ್/ಎಂಐಎಲ್/11 ಸಾಲನ್ನು ನೋಡಬೇಕು. ಮೊದಲನೆಯ ಮಹಾಯುದ್ಧದ ಬ್ರಿಟಿಷ್ ಸೈನಿಕರ ವೈಯಕ್ತಿಕ ಕಡತಗಳಲ್ಲಿ ಹೆಚ್ಚಿನ ಪಾಲು 1940ರ ಸೆಪ್ಟೆಂಬರ್‌ನಲ್ಲಿ ಲಂಡನ್ನಿನ ಮೇಲೆ ಬಿದ್ದ ಬಾಂಬಿಗೆ ಸುಟ್ಟುಹೋಯಿತು. ಆ ಕಾಲದವರು ಸಿಗದಿದ್ದರೆ ನಿಮ್ಮ ಹುಡುಕಾಟದ ದೋಷವೆಂದು ತಿಳಿಯಬೇಡಿ.

ಎಲ್ಲ ಸೈನಿಕರೂ ಸೇವೆಯಲ್ಲಿದ್ದಾಗಲೇ ಸತ್ತವರಲ್ಲ. ಬೆಂಗಳೂರಿನ ಹವೆಗೆ ಒಗ್ಗಿ, ಪಿಂಚಣಿಯೊಂದಿಗೆ ಇಲ್ಲೇ ಮನೆ ಮಾಡಿಕೊಂಡು, ಸೇಂಟ್ ಜಾನ್ಸ್ ಹಿಲ್ ಕಡೆಯ ಓಣಿಗಳಲ್ಲಿ ಮುದುಕರಾದವರು ಬಹಳ ಮಂದಿ ಇದ್ದರು. ಕಲ್ಲಿನ ಮೇಲೆ ದಳದ ಹೆಸರಿಗೆ ಮುಂಚೆ ಲೇಟ್ ಎಂಬ ಪದವಿದ್ದು (ಹಿಂದೆ ಆ ದಳದಲ್ಲಿದ್ದವನು ಎಂಬುದು ಇಲ್ಲಿ ಅದರ ಅರ್ಥ), ವಯಸ್ಸು ಐವತ್ತು ದಾಟಿದ್ದರೆ ಅಂಥವರಿರಬಹುದು. ಇವರಿಗೆ ಮೇಲೆ ಬೇಡವೆಂದ ಡಬ್ಲ್ಯುಒ 97 ತಕ್ಕ ಜಾಗ. ಇನ್ನು ಸಾಮಾನ್ಯ ಸಿಪಾಯಿಗಳಲ್ಲಿ ಹೆಚ್ಚಿನವರಿಗೆ ಕಲ್ಲೇ ಇಲ್ಲ. ಕಲ್ಲಿಗೆ ಹಣ ಬೇಕಿತ್ತು. ಅಧಿಕಾರಿಗಳಿಗೆ ಮನೆಯವರು ಹಾಕಿಸಿದರು, ಸಾರ್ಜೆಂಟರಿಗೂ ಕೆಲವು ಸಿಪಾಯಿಗಳಿಗೂ ಜೊತೆಯವರು ಚಂದಾ ಎತ್ತಿ ಹಾಕಿಸಿದರು. ಜೊತೆಯವರು ಹಾಕಿಸಿದ್ದು ಎಂಬ ಸಾಲು ಕೆಳಗೆ ಇದ್ದರೆ ಅಲ್ಲಿ ದಳದೊಳಗಿನ ತುಕಡಿಯ, ಎಂದರೆ ಕಂಪನಿಯ ಅಥವಾ ಟ್ರೂಪಿನ, ಅಕ್ಷರವೂ ಇರುತ್ತದೆ, ಅದನ್ನು ಬಿಡದೆ ಬರೆದುಕೊಳ್ಳಿ. ಚರ್ಚಿನ ಗೋಡೆಯ ಫಲಕಗಳನ್ನು ಗೋರಿಗಳೊಡನೆ ಬೆರೆಸಬೇಡಿ. ಟ್ರಿನಿಟಿ ಚರ್ಚಿನಲ್ಲಿ ಅಮೃತಶಿಲೆಯ ದೊಡ್ಡ ಸ್ಮಾರಕವಿರುವ ಮೇಜರ್ ಜನರಲ್ ಕ್ಲೆಮೆಂಟ್ ಹಿಲ್ 1845ರಲ್ಲಿ ಜೋಗದ ಕಡೆ ಹೋಗಿದ್ದಾಗ ತೀರಿಕೊಂಡವರು, ಹೊನ್ನಾವರದವರು ಕರ್ನಲ್ ಹಿಲ್ ಕಂಬ ಎನ್ನುವ ಸ್ತಂಭ ಅವರ ನೆನಪಿನದೇ. ಚರ್ಚು ಕಟ್ಟಿದ್ದು ಅವರು ಸತ್ತ ಆರು ವರ್ಷಗಳ ಮೇಲೆ.

ನಿಮ್ಮ ಚಿತ್ರಗಳಲ್ಲಿ ಮಹಾಯುದ್ಧಗಳ ಕಾಲದವು ಇದ್ದರೆ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಉಚಿತ ಸೂಚಿಯಲ್ಲಿ ನೋಡಿ. 1917ರಲ್ಲಿ ಸ್ಥಾಪನೆಯಾದ ಈ ಆಯೋಗದ ಲೆಕ್ಕಕ್ಕೆ ಬರುವುದು 1914ರ ಆಗಸ್ಟ್ 4ರಿಂದ 1921ರ ಆಗಸ್ಟ್ 31ರವರೆಗೆ, ಮತ್ತು 1939ರ ಸೆಪ್ಟೆಂಬರ್ 3ರಿಂದ 1947ರ ಡಿಸೆಂಬರ್ 31ರವರೆಗೆ ಸತ್ತ ಸೈನಿಕರು ಮಾತ್ರ. ರೋಗದಿಂದ ಸತ್ತವರೂ ಸೇರುತ್ತಾರೆ. ಇಲ್ಲಿ ಎರಡು ಯುದ್ಧಗಳ ನಡುವಿನ ವ್ಯತ್ಯಾಸವನ್ನು ಗಮನಿಸಿ. ಚೆನ್ನೈನ ನಂದಂಬಾಕ್ಕಂನಲ್ಲಿರುವ ಮದ್ರಾಸ್ ಯುದ್ಧ ಸ್ಮಶಾನವನ್ನು 1952ರಲ್ಲಿ ಏರ್ಪಡಿಸಿ, ಶಾಶ್ವತವಾಗಿ ನೋಡಿಕೊಳ್ಳಲಾಗದ ದಕ್ಷಿಣ ಮತ್ತು ಪೂರ್ವ ಭಾರತದ ಹಲವು ಸ್ಮಶಾನಗಳಿಂದ ಎರಡನೆಯ ಯುದ್ಧದವರ ಅವಶೇಷಗಳನ್ನು ಅಲ್ಲಿಗೆ ಸಾಗಿಸಲಾಯಿತು. ಆದ್ದರಿಂದ 1943ರಲ್ಲಿ ಬೆಂಗಳೂರಿನ ಆಸ್ಪತ್ರೆಯಲ್ಲಿ ಸತ್ತವನನ್ನು ಇಲ್ಲಿ ಹುಡುಕಿ ಸೋಲುವ ಮುಂಚೆ ಅಲ್ಲಿ ಹುಡುಕಬೇಕು. ಮೊದಲನೆಯ ಯುದ್ಧದವರ ಕಥೆ ಇದಕ್ಕೆ ತಿರುಗುಮುರುಗು: ಅವರ ಗೋರಿಗಳನ್ನು ಸಾಗಿಸಲಿಲ್ಲ, ಹೆಸರುಗಳನ್ನು ಮಾತ್ರ ಅದೇ ಆವರಣದ ಮದ್ರಾಸ್ 1914-1918 ಸ್ಮಾರಕದಲ್ಲಿ ಬರೆಸಿದರು, ಸಾವಿರಕ್ಕೂ ಹೆಚ್ಚು ಹೆಸರುಗಳು ಅಲ್ಲಿವೆ. ಸೂಚಿಯಲ್ಲಿ ಆ ಸ್ಮಾರಕದ ಹೆಸರನ್ನು ಕಂಡು, ಆತನನ್ನು ಚೆನ್ನೈನಲ್ಲಿ ಹೂಳಿದ್ದಾರೆಂದು ಬರೆದುಬಿಟ್ಟವರನ್ನು ನಾನು ಬಲ್ಲೆ. ಆತ ಮಲಗಿರುವುದು ನೀವು ಚಿತ್ರ ತೆಗೆದ ಕಲ್ಲಿನ ಕೆಳಗೇ ಇರಬಹುದು.

ಸ್ಮಶಾನದ ಉಸ್ತುವಾರಿ ನೋಡಿಕೊಳ್ಳುವ ಸಮಿತಿಗೆ ನಿಮ್ಮ ಕೆಲಸದ ವಿವರವನ್ನು ಲಿಖಿತವಾಗಿ ಕೊಟ್ಟು ಅನುಮತಿ ಪಡೆದುಕೊಳ್ಳಿ. ಅದು ಇಂದಿಗೂ ಬಳಕೆಯಲ್ಲಿರುವ ಸ್ಮಶಾನ; ಪಕ್ಕದಲ್ಲಿ ಯಾರಾದರೂ ತಮ್ಮವರಿಗೆ ಹೂವಿಡಲು ಬಂದಿರುವಾಗ ಕನ್ನಡಿ ಹಿಡಿದು ಓಡಾಡುವುದು ಚೆನ್ನಾಗಿ ಕಾಣುವುದಿಲ್ಲ. ಈಚಿನ ಗೋರಿಗಳ ಚಿತ್ರಗಳನ್ನು ಯಾರಿಗೂ ಹಂಚಬೇಡಿ. ಕೆಲಸ ಮುಗಿದ ಮೇಲೆ ಪ್ರತಿ ಗೋರಿಯ ಚಿತ್ರ, ನಕ್ಷೆಯಲ್ಲಿ ಅದರ ಸ್ಥಳ, ನೀವು ಓದಿದ ಪಾಠ ಇವುಗಳ ಒಂದು ಪ್ರತಿ ಚರ್ಚಿನ ಕಚೇರಿಗೂ, ಇನ್ನೊಂದು 1976ರಿಂದ ದಕ್ಷಿಣ ಏಷ್ಯಾದ ಇಂಥ ಸ್ಮಶಾನಗಳ ದಾಖಲೆ ಮಾಡುತ್ತಿರುವ ಬ್ಯಾಕ್ಸಾ ಸಂಸ್ಥೆಗೂ ಸೇರಲಿ. ಅವರ ಕಡತಗಳು ಬ್ರಿಟಿಷ್ ಲೈಬ್ರರಿಯಲ್ಲಿ ಉಳಿಯುತ್ತವೆ. ಓದಲಾಗದ ಅಕ್ಷರದ ಜಾಗದಲ್ಲಿ ಚುಕ್ಕಿ ಇಡಿ, ಊಹಿಸಿದ್ದನ್ನು ಆವರಣದೊಳಗಿಡಿ. ನಮ್ಮ ಶಾಸನತಜ್ಞರು ನೂರು ವರ್ಷಗಳಿಂದ ಪಾಲಿಸಿಕೊಂಡು ಬಂದಿರುವ ಈ ಶಿಸ್ತನ್ನು ಗೋರಿಕಲ್ಲಿಗೂ ಅನ್ವಯಿಸಿದರೆ ಸಾಕು.

ಇನ್ನು ನಿಮ್ಮ ದೊಡ್ಡತಾತನವರ ವಿಷಯ. ಬೆಂಗಳೂರು ಎಂಬ ಹೆಸರು ನಮಗೆ ಮೊದಲು ಸಿಗುವುದೇ ಕಾಳಗದಲ್ಲಿ ಸತ್ತವನೊಬ್ಬನ ಕಲ್ಲಿನಲ್ಲಿ, ಬೇಗೂರಿನ ಸುಮಾರು ಕ್ರಿ.ಶ. 890ರ ವೀರಗಲ್ಲಿನಲ್ಲಿ. ಅದಾಗಿ ಸಾವಿರ ವರ್ಷಗಳ ಮೇಲೆ ಸತ್ತ ನಮ್ಮವರಿಗೆ ಮಾತ್ರ ಕಲ್ಲು ಸಿಕ್ಕಿದ್ದು ಅಪರೂಪ. ಮೆಸಪೊಟೇಮಿಯಾದಲ್ಲಿ ಸತ್ತು, ಗೋರಿ ಗೊತ್ತಿಲ್ಲದವರ ಸ್ಮಾರಕ ಇರಾಕಿನ ಬಸ್ರಾದಲ್ಲಿದೆ. ಅದು ನಲವತ್ತು ಸಾವಿರಕ್ಕೂ ಹೆಚ್ಚು ಮಂದಿಯ ನೆನಪಿನದು. ಆದರೆ ಅದರ ಫಲಕಗಳಲ್ಲಿ ಬ್ರಿಟಿಷರೆಲ್ಲರ ಹೆಸರನ್ನೂ ಭಾರತೀಯ ಅಧಿಕಾರಿಗಳ ಹೆಸರನ್ನೂ ಕೆತ್ತಿ, ಭಾರತೀಯ ಸಾಮಾನ್ಯ ಸೈನಿಕರನ್ನು ದಳದ ಕೆಳಗೆ ಇಷ್ಟು ಮಂದಿ ಎಂಬ ಸಂಖ್ಯೆಯಾಗಿ ಬರೆದರು. ಇಂಥ ತಾರತಮ್ಯವನ್ನು ಆಯೋಗವೇ 2021ರ ತನ್ನ ವರದಿಯಲ್ಲಿ ಒಪ್ಪಿಕೊಂಡಿತು. ಕಲ್ಲಿನಲ್ಲಿಲ್ಲದ ಆ ಹೆಸರುಗಳು ಆಯೋಗದ ರಿಜಿಸ್ಟರಿನಲ್ಲಿವೆ, ಹಲವು ನಮೂದುಗಳಲ್ಲಿ ತಂದೆಯ ಹೆಸರು, ಊರು, ತಾಲ್ಲೂಕು, ಜಿಲ್ಲೆ ಕೂಡ ಇವೆ.

ಅಲ್ಲಿ ಹುಡುಕುವಾಗ ಎರಡು ಎಚ್ಚರಿಕೆ ಬೇಕು. ಮದ್ರಾಸ್ ಸ್ಯಾಪರ್ಸ್ ಎಂದು ಹುಡುಕಿದರೆ ಸಿಗದಿರಬಹುದು, ಏಕೆಂದರೆ ಆ ಯುದ್ಧದ ಕಾಲದಲ್ಲಿ ದಳದ ಅಧಿಕೃತ ಹೆಸರಿನಲ್ಲಿ ಮದ್ರಾಸ್ ಎಂಬ ಪದವೇ ಇರಲಿಲ್ಲ. ಅದು 2ನೆಯ ಕ್ವೀನ್ ವಿಕ್ಟೋರಿಯಾಸ್ ಓನ್ ಸ್ಯಾಪರ್ಸ್ ಅಂಡ್ ಮೈನರ್ಸ್ ಎಂದಿತ್ತು. ಎರಡನೆಯದು ಹೆಸರಿನ ಕಾಗುಣಿತ: ಮುನಿಸ್ವಾಮಿಯನ್ನು ಗುಮಾಸ್ತರು ಹತ್ತು ಬಗೆಯಾಗಿ ಬರೆದಿದ್ದಾರೆ, ಆದ್ದರಿಂದ ಹೆಸರಿನ ಜಾಗವನ್ನು ಖಾಲಿ ಬಿಟ್ಟು ದಳ, ವರ್ಷ, ಸ್ಮಾರಕ ಇಷ್ಟನ್ನೇ ಕೊಟ್ಟು, ಬಂದ ಪಟ್ಟಿಯನ್ನು ಊರಿನ ಹೆಸರಿಗಾಗಿ ಕಣ್ಣಾಡಿಸಿ. ಬಸ್ರಾದ ಸ್ಮಾರಕವೊಂದನ್ನೇ ನೆಚ್ಚಿಕೊಳ್ಳಬೇಡಿ. ದಾರಿಯಲ್ಲಿ ಹಡಗಿನ ಮೇಲೋ ಮುಂಬಯಿಯ ಆಸ್ಪತ್ರೆಯಲ್ಲೋ ಸತ್ತವರು ಬೇರೆ ಸ್ಮಾರಕಗಳ ಲೆಕ್ಕದಲ್ಲಿರುತ್ತಾರೆ. 1834ರಿಂದಲೂ ಬೆಂಗಳೂರನ್ನೇ ನೆಲೆಯಾಗಿಸಿಕೊಂಡಿರುವ ಈ ದಳ ಇಂದು ಹಲಸೂರಿನಲ್ಲಿ ಮದ್ರಾಸ್ ಎಂಜಿನಿಯರ್ ಗ್ರೂಪ್ ಎಂಬ ಹೆಸರಿನಲ್ಲಿದೆ. ವಂಶಸ್ಥರಾಗಿ ನೀವು ಅದರ ದಾಖಲೆ ಕಚೇರಿಗೆ ಪತ್ರ ಬರೆಯಬಹುದು. ಆದರೆ ಅವರೂ ಮೊದಲು ಕೇಳುವುದು ಸೈನಿಕನ ಸಂಖ್ಯೆಯನ್ನು. ಅದು ನಿಮ್ಮ ಮನೆಯಲ್ಲೇ ಇರುವ ಸಾಧ್ಯತೆಯಿದೆ. ಆ ಯುದ್ಧದ ಪದಕಗಳನ್ನು ಸತ್ತವರ ಮನೆಗಳಿಗೂ ಕಳುಹಿಸುತ್ತಿದ್ದರು, ಅವುಗಳ ಜೊತೆಗೆ ಅಂಗೈಗಿಂತ ಅಗಲವಾದ ಕಂಚಿನ ಬಿಲ್ಲೆಯೊಂದನ್ನೂ ಕೊಡುತ್ತಿದ್ದರು. ಬೆಳ್ಳಿಯದನ್ನು ಕಷ್ಟಕಾಲದಲ್ಲಿ ಮಾರಿಕೊಂಡ ಮನೆಗಳು ಎಷ್ಟೋ ಇವೆ, ಆದರೂ ಹಳೆಯ ಟ್ರಂಕಿನ ತಳವನ್ನೂ ದಾಯಾದಿಗಳ ದೇವರ ಮನೆಯನ್ನೂ ಒಮ್ಮೆ ವಿಚಾರಿಸಿ. ಪದಕ ಸಿಕ್ಕರೆ ಅದನ್ನು ಉಜ್ಜದೆ, ಅದರ ಅಂಚನ್ನು ಭೂತಗನ್ನಡಿ ಹಿಡಿದು ಸುತ್ತಲೂ ತಿರುಗಿಸಿ ಓದಿ: ಸಂಖ್ಯೆ, ಹುದ್ದೆ, ಹೆಸರು, ದಳ, ಈ ನಾಲ್ಕನ್ನೂ ಅಲ್ಲಿ ಸಣ್ಣ ಅಕ್ಷರಗಳಲ್ಲಿ ಒತ್ತಿರುತ್ತಾರೆ.